ಮೂರನೆಯ ಕೊಳವೆಬಾವಿ ಕೊರೆಸಬೇಕೇ? ಕೋಲಾರ ಜಿಲ್ಲೆಯ ಓದುಗರ ಪ್ರಶ್ನೆಗೆ ಭೂಜಲ ತಜ್ಞರ ಉತ್ತರ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕೋಲಾರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ತಂದೆಯವರು ನಾಲ್ಕು ಎಕರೆಯಲ್ಲಿ ಟೊಮೆಟೊ, ಬೀನ್ಸ್ ಮತ್ತು ರಾಗಿ ಬೆಳೆಯುತ್ತಾರೆ. 2008ರಲ್ಲಿ ಕೊರೆಸಿದ 450 ಅಡಿಯ ಕೊಳವೆಬಾವಿ 2016ರಲ್ಲಿ ಬತ್ತಿತು. 2019ರಲ್ಲಿ 900 ಅಡಿ ಕೊರೆಸಿದಾಗ ಎರಡಿಂಚು ನೀರು ಬಂತು. ಈಗ ನಲವತ್ತು ನಿಮಿಷ ಮೋಟಾರು ಓಡಿದರೆ ಗಾಳಿ ಬರುತ್ತದೆ. ಪಕ್ಕದ ಜಮೀನಿನವರು ನಮ್ಮ ಬದುವಿನಿಂದ ಇನ್ನೂರು ಅಡಿ ದೂರದಲ್ಲಿ 1,250 ಅಡಿ ಕೊರೆಸಿದ ಎರಡೇ ತಿಂಗಳಲ್ಲಿ ನಮ್ಮ ನೀರು ಇಳಿಯಿತು. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರೊಬ್ಬರು ಈಶಾನ್ಯ ಮೂಲೆಯಲ್ಲಿ ಮೂರಿಂಚು ಖಚಿತ ಎಂದಿದ್ದಾರೆ. 1,500 ಅಡಿಯವರೆಗೆ ಹೋಗೋಣವೆಂದು ತಂದೆಯವರು ಅಮ್ಮನ ಒಡವೆ ಅಡವಿಡಲು ಸಿದ್ಧರಾಗಿದ್ದಾರೆ; ಮೋಟಾರು, ಪೈಪು, ಕೇಬಲ್ ಎಲ್ಲ ಸೇರಿ ಐದು ಲಕ್ಷ ದಾಟುತ್ತದೆ. ಬೇಡವೆಂದರೆ ‘ಪಟ್ಟಣದಲ್ಲಿ ನಲ್ಲಿ ತಿರುಗಿಸುವವನಿಗೆ ಏನು ಗೊತ್ತು’ ಎನ್ನುತ್ತಾರೆ. ಪಾಯಿಂಟ್ ನಂಬಬಹುದೇ? ಆಳಕ್ಕೆ ಹೋದರೆ ನೀರು ಸಿಕ್ಕೇ ಸಿಗುತ್ತದೆಯೇ? ಪಕ್ಕದವರ ಮೇಲೆ ದೂರು ಕೊಡಬಹುದೇ? ಇಂಗುಗುಂಡಿ ಮಾಡಿದರೆ ಹಳೆಯ ಬಾವಿ ಬದುಕುವುದೇ? ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು) ಬಂದಿದೆ, ಅದರಿಂದ ನಮಗೇನಾದರೂ ಆದೀತೇ? ಮನೆಯವರು ಕುಡಿಯುವುದೂ ಇದೇ ಕೊಳವೆಬಾವಿಯ ನೀರನ್ನು.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಅವುಗಳ ಹಿಂದಿರುವ ಆತಂಕ ಒಂದೇ. ಬೇಡವೆಂದು ತಡೆದರೆ ತಂದೆಯ ಬೇಸಾಯಕ್ಕೆ ನೀವೇ ಅಡ್ಡ ಬಂದಂತಾಗುತ್ತದೆ, ಒಪ್ಪಿಕೊಂಡು ಕೊಳವೆಬಾವಿ ಫೇಲಾದರೆ ತಾಯಿಯ ಒಡವೆ ಹೋಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಮಧುಗಿರಿ ಕಡೆ ಕೆಲಸ ಮಾಡಿದ ನನ್ನಂಥವರ ಮುಂದೆ ಇದೇ ಮಾತು ನೂರಾರು ಮನೆಗಳಲ್ಲಿ ಬಂದಿದೆ. ಆದುದರಿಂದ ಕೊರೆಸಿ ಅಥವಾ ಕೊರೆಸಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ. ಯಾವುದರ ಮೇಲೆ ಪಣ ಕಟ್ಟುತ್ತಿದ್ದೀರಿ ಎಂಬುದನ್ನು ಮೊದಲು ನೋಡೋಣ.

ಪಾಯಿಂಟ್ ವಿಷಯದಿಂದ ಆರಂಭಿಸುತ್ತೇನೆ. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುವುದು, ಬೇವಿನ ಕವಲುಕಡ್ಡಿ ಕೆಳಕ್ಕೆ ಬಾಗುವುದು, ಇವು ಹಿಡಿದವರ ಸ್ನಾಯುಗಳು ಅವರಿಗೇ ಅರಿವಿಲ್ಲದೆ ಮಾಡುವ ಸಣ್ಣ ಚಲನೆಗಳಿಂದ ಆಗುತ್ತವೆ. ಅವರಲ್ಲಿ ಹೆಚ್ಚಿನವರು ಮೋಸ ಮಾಡುತ್ತಿಲ್ಲ, ನಿಜವಾಗಿಯೂ ನಂಬಿ ಹಿಡಿದಿರುತ್ತಾರೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1980ರ ದಶಕದ ಕೊನೆಗೆ ಇಂಥ ನೂರಾರು ಜನರನ್ನು ಕರೆಸಿ, ಅವರಲ್ಲಿ ಉತ್ತಮರೆನಿಸಿದವರನ್ನು ಆರಿಸಿ, ಕಣಜವೊಂದರ ಕೆಳಗೆ ಸರಿಸಬಹುದಾದ ನೀರಿನ ಪೈಪಿಟ್ಟು ಮೇಲಿನ ಅಂತಸ್ತಿನಿಂದ ಪತ್ತೆ ಮಾಡಿಸಿದರು. ಆ ಅಂಕಿಗಳನ್ನು ಮುಂದೆ ಮತ್ತೆ ವಿಶ್ಲೇಷಿಸಿದಾಗ ಫಲಿತಾಂಶ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲಿರಲಿಲ್ಲ. ಹಾಗಾದರೆ ನಮ್ಮೂರುಗಳಲ್ಲಿ ಅವರಿಗೆ ಹೆಸರು ಬಂದದ್ದು ಹೇಗೆ? ಎಂಬತ್ತರ ದಶಕದಲ್ಲಿ ನಮ್ಮ ಭಾಗದಲ್ಲಿ ಎಲ್ಲಿ ಕೊರೆದರೂ ಇನ್ನೂರು ಅಡಿಯೊಳಗೆ ಅಷ್ಟೋ ಇಷ್ಟೋ ನೀರು ಸಿಗುತ್ತಿತ್ತು, ಹೆಸರು ಕಟ್ಟಿದ್ದು ಆ ಕಾಲ. ನೀರು ಬಂದ ಜಾಗವನ್ನು ಊರೆಲ್ಲ ನೆನೆಯುತ್ತದೆ, ಬಾರದ ಜಾಗದ ಬಗ್ಗೆ ಜಮೀನಿನವರೇ ಬಾಯಿ ಬಿಡುವುದಿಲ್ಲ.

ಹುತ್ತ ಮತ್ತು ಮರ ನೋಡಿ ನೀರು ಹೇಳುವುದು ಇದಕ್ಕಿಂತ ಬೇರೆಯ ವಿದ್ಯೆ. ವರಾಹಮಿಹಿರನು ಆರನೆಯ ಶತಮಾನದಲ್ಲಿಯೇ ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯದಲ್ಲಿ ಯಾವ ಮರದ ಪಕ್ಕ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಎಂದು ಬರೆದಿದ್ದಾನೆ. ಮೇಲ್ಪದರದ ತೇವವನ್ನು ಗುರುತಿಸುವ ಒಂದು ವೀಕ್ಷಣೆ ಅದರಲ್ಲಿದೆ. ಆದರೆ ಅದು ತೆರೆದ ಬಾವಿಯ ಆಳಕ್ಕೆ ಸೇರಿದ ಜ್ಞಾನ. 1,000 ಅಡಿ ಕೆಳಗಿನ ಬಿರುಕಿನ ಸುದ್ದಿಯನ್ನು ಯಾವ ಹುತ್ತವೂ ಹೇಳಲಾರದು.

ಇನ್ನು ಯಂತ್ರ. ನೆಲಕ್ಕೆ ನಾಲ್ಕು ಸರಳು ಹೊಡೆದು, ವಿದ್ಯುತ್ ಹರಿಸಿ, ಮಣ್ಣು ಮತ್ತು ಕಲ್ಲು ಒಡ್ಡುವ ಪ್ರತಿರೋಧವನ್ನು ಅಳೆಯುವ ಸರ್ವೆಯನ್ನು ನಾನು ನಂಬುತ್ತೇನೆ, ಆದರೆ ಅದಕ್ಕೊಂದು ಮಿತಿಯಿದೆ. ನೀರು ತುಂಬಿದ ಕೊಳೆತ ಕಲ್ಲು ಎಷ್ಟು ದಪ್ಪವಿದೆ, ಗಟ್ಟಿ ಬಂಡೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಆಳದಲ್ಲಿರುವ ಅಂಗೈಯಗಲದ ಬಿರುಕನ್ನು ತೋರಿಸುವುದು ಅದರ ಕೈಲಾಗದು, ಎಷ್ಟು ಇಂಚು ನೀರು ಎಂದು ಹೇಳುವುದಂತೂ ಸಾಧ್ಯವೇ ಇಲ್ಲ. ಆದುದರಿಂದ ಸರ್ವೆಯ ವರದಿಯಲ್ಲಿ ಯಾರಾದರೂ ‘1,180 ಅಡಿಯಲ್ಲಿ ಮೂರಿಂಚು’ ಎಂದು ಬರೆದುಕೊಟ್ಟರೆ ಅದನ್ನು ತೆಂಗಿನಕಾಯಿಯ ಪಕ್ಕದಲ್ಲೇ ಇಡಬೇಕು.

ಇಂಚಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ವಿದ್ಯಾವಂತರೂ ಎಡವುತ್ತಾರೆ. ರಿಗ್‌ನವರು ಹೇಳುವ ಇಂಚು ಪೈಪಿನ ಅಳತೆಯಲ್ಲ. ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂಬುದರ ಅಳತೆ ಅದು. ತಗಡಿನ ಕೋನ 90 ಡಿಗ್ರಿ ಇದ್ದರೆ ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು ಎಂದರೆ ಸುಮಾರು 2,900 ಲೀಟರ್, ಮೂರಿಂಚು ಎಂದರೆ 8,000 ಲೀಟರಿನ ಹತ್ತಿರ. ಎರಡಿಂಚು ಒಂದಿಂಚಿನ ಇಮ್ಮಡಿಯಲ್ಲ, ಐದು ಪಟ್ಟಿಗಿಂತಲೂ ಹೆಚ್ಚು. ಕಣ್ಣಂದಾಜಿನಲ್ಲಿ ಅರ್ಧ ಇಂಚು ಹೆಚ್ಚಿಗೆ ಹೇಳಿದರೆ ಎಷ್ಟು ವ್ಯತ್ಯಾಸವಾಗುತ್ತದೆಂದು ನೀವೇ ಊಹಿಸಿ. ಮೇಲಾಗಿ ರಿಗ್ ಗಾಳಿ ಊದಿ ಹೊರಹಾಕುವ ನೀರಿನಲ್ಲಿ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತದ್ದೂ ಸೇರಿರುತ್ತದೆ. ಅದು ಖಾಲಿಯಾದ ಮೇಲೆ ದಿನವೂ ಬಂದು ಸೇರುವ ನೀರು ಎಷ್ಟೆಂಬುದು ಕನಿಷ್ಠ ಎಂಟು ಗಂಟೆ ಪಂಪ್ ಓಡಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. 2019ರ ನಿಮ್ಮ ಎರಡಿಂಚನ್ನೂ ಹೀಗೆ ಪರೀಕ್ಷಿಸಿರಲಾರರು.

‘ಆಳಕ್ಕೆ ಹೋದಷ್ಟೂ ನೀರು’ ಎಂಬ ನಂಬಿಕೆಯೇ ನಮ್ಮ ಜಿಲ್ಲೆಗಳಲ್ಲಿ ಅತಿ ಹೆಚ್ಚು ಹಣ ನುಂಗಿದೆ. ಮರಳು ಪದರಗಳಿರುವ ಗಂಗಾ ಬಯಲಿನಲ್ಲಿ ಆ ಮಾತಿಗೆ ಅರ್ಥವಿದೆ. ಕೋಲಾರದ ನೆಲ ಗ್ರಾನೈಟ್ ಮತ್ತು ಗ್ನೈಸ್ ಬಂಡೆಯದು. ಮೇಲೆ ಮಣ್ಣು, ಅದರ ಕೆಳಗೆ ಮೊರಂ, ಆಮೇಲೆ ಕೊಳೆತ ಕಲ್ಲು, ಎಲ್ಲ ಸೇರಿ ಸಾಮಾನ್ಯವಾಗಿ ಮೂವತ್ತರಿಂದ ನೂರು ಅಡಿ. ನಿಮ್ಮ ತಾತನವರ ಕಾಲದ ಕಪಿಲೆ ಬಾವಿಗಳು ಬದುಕಿದ್ದು ಈ ಪದರದಲ್ಲಿ, ಮತ್ತು ನೀರು ಹಿಡಿದಿಡುವ ಶಕ್ತಿ ಇರುವುದೂ ಮುಖ್ಯವಾಗಿ ಇದಕ್ಕೇ: ನೂರು ಘನ ಮೀಟರ್ ಕೊಳೆತ ಕಲ್ಲಿನಿಂದ ಒಂದೂವರೆಯಿಂದ ಮೂರು ಘನ ಮೀಟರ್ ನೀರು ಬಸಿದು ಬರಬಹುದು. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕುಗಳು ಮಾತ್ರ. ಬಿರುಕು ಮೇಲಿನ ನೀರನ್ನು ಹರಿಸುವ ಕಾಲುವೆಯೇ ಹೊರತು ನೀರಿನ ಕಣಜವಲ್ಲ. ಆಳ ಹೆಚ್ಚಿದಂತೆ ಬಂಡೆಯ ಭಾರಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ, ಸಂಖ್ಯೆಯೂ ಇಳಿಯುತ್ತದೆ. 1,200 ಅಡಿಯಲ್ಲಿ ನೀರು ಸಿಕ್ಕವರು ಇಲ್ಲವೆಂದಲ್ಲ. ಆದರೆ ಅಲ್ಲಿ ಸಿಗುವ ನೀರಿಗೆ ಮಳೆಯ ಸಂಪರ್ಕ ತೀರ ನಿಧಾನ, ಒಮ್ಮೆ ತೆಗೆದರೆ ಮತ್ತೆ ತುಂಬಲು ಬಹುಕಾಲ ಬೇಕು. ಎರಡು ಬೇಸಿಗೆ ಚೆನ್ನಾಗಿ ಓಡಿ ಮೂರನೆಯ ಬೇಸಿಗೆಗೆ ನಿಂತುಹೋಗುವ ಆಳದ ಕೊಳವೆಬಾವಿಗಳ ಕಥೆ ಇದೇ.

ಈಗ ನಿಮ್ಮ ನಾಲ್ಕು ಎಕರೆಯ ಲೆಕ್ಕ ಮಾಡೋಣ, ತಂದೆಯವರ ಮುಂದೆ ಕೂತು ಕಾಗದದ ಮೇಲೆಯೇ ಮಾಡಿ. ನಿಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಒಂದು ಎಕರೆಯ ಮೇಲೆ ಬೀಳುವುದು 28 ಲಕ್ಷ ಲೀಟರ್. ನಮ್ಮ ಬಗೆಯ ನೆಲದಲ್ಲಿ ಅದರಲ್ಲಿ ಅಂತರ್ಜಲಕ್ಕೆ ಇಳಿಯುವುದನ್ನು ಶೇ. 8ರಿಂದ 11 ಎಂದು ಹಿಡಿಯುವುದು ವಾಡಿಕೆ, ಅಂದರೆ ಎರಡೂಕಾಲರಿಂದ ಮೂರು ಲಕ್ಷ ಲೀಟರ್. ಒಂದು ಎಕರೆ ಟೊಮೆಟೊ ಬೆಳೆ ತನ್ನ ಅವಧಿಯಲ್ಲಿ ಕುಡಿಯುವುದು ಸುಮಾರು 20 ಲಕ್ಷ ಲೀಟರ್. ಆ ಒಂದೆಕರೆಯ ಒಂದು ಬೆಳೆಯನ್ನು ಅಂತರ್ಜಲದಿಂದಲೇ ತೆಗೆಯುವುದಾದರೆ ಏಳರಿಂದ ಒಂಬತ್ತು ಎಕರೆಯ ಮಳೆ ಇಂಗಬೇಕು. ನಿಮ್ಮಲ್ಲಿರುವುದು ನಾಲ್ಕು. ಉಳಿದ ನೀರು ಇಷ್ಟು ವರ್ಷ ಬಂದದ್ದು ಪಕ್ಕದವರ ನೆಲದಿಂದ, ಕೆರೆಯಿಂದ ಮತ್ತು ಹಿಂದಿನ ತಲೆಮಾರುಗಳ ಮಳೆಯಿಂದ. ಪಕ್ಕದವರೂ ಹೀಗೆಯೇ ಬೆಳೆದಿದ್ದಾರೆ. ಕೋಲಾರ ಜಿಲ್ಲೆಯ ಅಂತರ್ಜಲ ಅತಿಬಳಕೆಯ ವರ್ಗಕ್ಕೆ ಸೇರಿದ್ದು ಇಂಥ ಸಾವಿರಾರು ಲೆಕ್ಕಗಳು ಕೂಡಿಕೊಂಡಾಗ. ಇದರಲ್ಲಿ ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ಕೆರೆಗಳಲ್ಲಿ ಹೂಳು ತುಂಬಿತು, ನೀಲಗಿರಿ ತೋಪುಗಳು ಇಂಗಬೇಕಾದ ತೇವವನ್ನು ಬೇರಿನಲ್ಲೇ ಹೀರಿದವು (2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು), ಉಚಿತ ವಿದ್ಯುತ್ತಿನಿಂದ ನೀರೆತ್ತುವ ಖರ್ಚು ಕಣ್ಣಿಗೆ ಕಾಣದಂತಾಯಿತು.

ಆ ಖರ್ಚು ಕಾಣದಿದ್ದರೂ ಇದ್ದೇ ಇದೆ. 1,000 ಅಡಿಯಿಂದ ಸಾವಿರ ಲೀಟರ್ ನೀರೆತ್ತಲು, ಪಂಪಿನ ನಷ್ಟವೂ ಸೇರಿ, ಸುಮಾರು ಎರಡು ಯೂನಿಟ್ ವಿದ್ಯುತ್ ಬೇಕು. ಉಚಿತ ವಿದ್ಯುತ್ ಸಿಗುವುದು 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ. ನೀರಿನ ಮಟ್ಟ 1,500 ಅಡಿಯ ಹತ್ತಿರ ಕುಸಿದರೆ ಅಂಥ ಪಂಪ್ ಗಂಟೆಗೆ ಸುಮಾರು 2,400 ಲೀಟರ್ ಮಾತ್ರ ಎತ್ತಬಲ್ಲದು. ತೆಂಗಿನಕಾಯಿ ಹೇಳಿದ ಮೂರಿಂಚು ನೀರು ಕೆಳಗೆ ನಿಜವಾಗಿಯೂ ಇದ್ದರೂ ನಿಮ್ಮ ಮೋಟಾರು ಅದರ ಮೂರನೆಯ ಒಂದು ಪಾಲನ್ನೂ ಮೇಲಕ್ಕೆ ತರಲಾರದು.

ಪಕ್ಕದವರ ವಿಷಯ. ಅವರ ಕೊಳವೆಬಾವಿಯಿಂದ ನಿಮ್ಮ ನೀರು ಇಳಿದಿರುವ ಸಾಧ್ಯತೆ ಖಂಡಿತ ಇದೆ: ಇನ್ನೂರು ಅಡಿ ಅಂತರದಲ್ಲಿ ಒಂದೇ ಬಿರುಕು ಎರಡನ್ನೂ ಮುಟ್ಟಿರಬಹುದು. ಅವರು ಕೇಸಿಂಗ್ ಪೈಪನ್ನು (ಬಾವಿಯ ಮೇಲ್ಭಾಗ ಕುಸಿಯದಂತೆ ಇಳಿಸುವ ಪೈಪು) ಅರವತ್ತು ಅಡಿಗೇ ನಿಲ್ಲಿಸಿದ್ದರೆ ಮೇಲಿನ ಬಿರುಕುಗಳ ನೀರು ಅವರ ಆಳದ ತೂತಿಗೆ ಸುರಿದು ಹೋಗುತ್ತಿರಲೂಬಹುದು. ಆದರೆ ಅದೇ ಎರಡು ತಿಂಗಳು ಬೇಸಿಗೆಯಾಗಿದ್ದರೆ ಇಡೀ ಊರಿನ ಮಟ್ಟವೇ ಇಳಿದಿರಲಿಕ್ಕೂ ಸಾಕು. ತಿಳಿಯುವ ದಾರಿ ಸರಳವಾಗಿದೆ. ಇಬ್ಬರೂ ಎರಡು ದಿನ ಮೋಟಾರು ನಿಲ್ಲಿಸಿ, ನಿಮ್ಮ ಬಾವಿಯ ನೀರಿನ ಮಟ್ಟ ಅಳೆದು, ಆಮೇಲೆ ಅವರದನ್ನು ಮಾತ್ರ ಓಡಿಸಿ ಗಂಟೆಗೊಮ್ಮೆ ಅಳೆಯುತ್ತ ಹೋಗಬೇಕು. ಅಳೆಯಲು ಜಿಲ್ಲಾ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳ ನೆರವು ಕೇಳಿ. ಮೋಟಾರು ಇರುವ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಬಿಡಬೇಡಿ, ಕೇಬಲ್‌ಗೆ ಸುತ್ತಿಕೊಂಡರೆ ಪಂಪು ಎತ್ತುವುದೇ ಕಷ್ಟವಾಗುತ್ತದೆ.

ಕಾನೂನಿನಲ್ಲಿ ನಿಮಗೆ ಸಿಗುವ ಬಲ ಕಡಿಮೆ. 1882ರ ಅನುಭೋಗ ಹಕ್ಕುಗಳ ಕಾಯ್ದೆ, ನಿರ್ದಿಷ್ಟ ಕಾಲುವೆಯಾಗಿ ಹರಿಯದ ನೆಲದಡಿಯ ನೀರನ್ನು ಜಮೀನಿನ ಒಡೆಯನೇ ತನ್ನ ಎಲ್ಲೆಯೊಳಗೆ ತೆಗೆದುಕೊಳ್ಳಬಹುದು ಎನ್ನುತ್ತದೆ. ಕರ್ನಾಟಕದ 1999ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು ತಡೆಯುತ್ತದೆ. 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶದಲ್ಲಿ ಕೊರೆಸಲು ಪ್ರಾಧಿಕಾರದ ಅನುಮತಿ ಬೇಕು. ಅವರು ಅನುಮತಿಯಿಲ್ಲದೆ ಕೊರೆಸಿದ್ದರೆ ನೀವು ದೂರು ಕೊಡಬಹುದು. ಆದರೆ ನಿಮ್ಮ 2019ರದ್ದಕ್ಕೆ ಅನುಮತಿ ಇತ್ತೇ ಎಂಬುದನ್ನು ಮೊದಲು ನೋಡಿಕೊಳ್ಳಿ. ನಾನು ಕಂಡಂತೆ ಇಂಥ ದೂರುಗಳಿಂದ ಬದುವಿನ ಜಗಳ ಬೆಳೆದಿದೆ, ನೀರು ಮಾತ್ರ ಬಂದಿಲ್ಲ. ದಿನ ಬಿಟ್ಟು ದಿನ ಸರದಿಯಲ್ಲಿ ಓಡಿಸುವ ಒಪ್ಪಂದ ಸಾಧ್ಯವಾದರೆ ಇಬ್ಬರಿಗೂ ಲಾಭವಿದೆ. ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಕೆಲವು ಹಳ್ಳಿಗಳ ರೈತರು ಹೊಸದನ್ನು ಕೊರೆಸದೆ ಇರುವ ಕೊಳವೆಬಾವಿಗಳನ್ನೇ ಪೈಪಿನಿಂದ ಜೋಡಿಸಿ ಹಂಚಿಕೊಂಡಿದ್ದಾರೆ. ಸುಲಭವೆಂದು ಹೇಳುವುದಿಲ್ಲ, ಅದಕ್ಕೆ ಊರಿನಲ್ಲಿ ಮಾತಿಗೆ ಬೆಲೆಯಿರುವ ಒಬ್ಬಿಬ್ಬರು ಹಿರಿಯರು ನಡುವೆ ನಿಲ್ಲಬೇಕು.

ಇಷ್ಟಾದ ಮೇಲೆ ನಿಮ್ಮ ಕೈಯಲ್ಲಿರುವ ದಾರಿಗಳು. ನಾನಾಗಿದ್ದರೆ 900 ಅಡಿಯ ಕೊಳವೆಬಾವಿಯಿಂದಲೇ ಆರಂಭಿಸುತ್ತಿದ್ದೆ. ನಲವತ್ತು ನಿಮಿಷಕ್ಕೆ ಗಾಳಿ ಬರುತ್ತದೆಂದರೆ ಬಾವಿ ಸತ್ತಿಲ್ಲ, ಬರುವ ನೀರಿಗಿಂತ ಮೋಟಾರು ಎಳೆಯುವುದು ಹೆಚ್ಚಾಗಿದೆ. ಎಷ್ಟು ಹೊತ್ತಿಗೆ ಮತ್ತೆ ತುಂಬುತ್ತದೆಂದು ಒಂದು ವಾರ ಬರೆದಿಡಿ. ಕ್ಯಾಮೆರಾ ಇಳಿಸಿ ನೋಡಿಸಿದರೆ ಎಲ್ಲಾದರೂ ಕುಸಿದಿದೆಯೇ, ನೀರು ಯಾವ ಅಡಿಯಿಂದ ಜಿನುಗುತ್ತಿದೆ ಎಂಬುದು ಕಾಣುತ್ತದೆ. ಅದೇ ಆಳದಿಂದ ಕಡಿಮೆ ನೀರೆತ್ತುವ ಪಂಪಿಗೆ ಬದಲಾಯಿಸಿ, ನೀರಿಲ್ಲದಾಗ ತಾನೇ ನಿಲ್ಲುವ ಉಪಕರಣ ಮತ್ತು ಟೈಮರ್ ಹಾಕಿ, ಬಂದಷ್ಟನ್ನು ತೊಟ್ಟಿಗೋ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೋ ತುಂಬಿಸಿಕೊಂಡು ಡ್ರಿಪ್‌ನಲ್ಲಿ ಬಿಟ್ಟರೆ ಅರ್ಧ ಮುಕ್ಕಾಲು ಎಕರೆ ತರಕಾರಿಯನ್ನು ಉಳಿಸಿಕೊಳ್ಳುವ ಸಾಧ್ಯತೆಯಿದೆ. ಇದರ ಖರ್ಚು ಹೊಸ ಕೊಳವೆಬಾವಿಯ ಒಂದು ಭಾಗ ಮಾತ್ರ. ಇದರಲ್ಲೂ ನಷ್ಟದ ಭಯವಿದೆ: ಹಳೆಯ ಬಾವಿಯಿಂದ ಪಂಪು ಎತ್ತುವಾಗ ಸಿಕ್ಕಿಹಾಕಿಕೊಂಡು ಎರಡೂ ಕೈಬಿಟ್ಟುಹೋದದ್ದುಂಟು.

ಇಂಗುಗುಂಡಿಯನ್ನು ಮಾಡಿಸಿ, ಆದರೆ ಪವಾಡ ನಿರೀಕ್ಷಿಸಬೇಡಿ. ನಿಮ್ಮ ನಾಲ್ಕು ಎಕರೆಯಿಂದ ಹರಿದುಹೋಗುವ ಮಳೆಯಲ್ಲಿ ಒಟ್ಟು ಮಳೆಯ ಹತ್ತರಲ್ಲೊಂದು ಪಾಲನ್ನು ಹಿಡಿದರೂ ವರ್ಷಕ್ಕೆ 11 ಲಕ್ಷ ಲೀಟರ್ ಆಗುತ್ತದೆ, ಅದು ಸಣ್ಣದಲ್ಲ. ಆದರೆ ಅದು ನಿಮ್ಮ ಬಾವಿಯಲ್ಲೇ ಕಾದು ಕೂರುವುದಿಲ್ಲ, ಬಿರುಕಿನ ದಾರಿಯಲ್ಲಿ ಪಕ್ಕದವರಿಗೂ ಹೋಗುತ್ತದೆ. ಓಡುತ್ತಿರುವ ಕೊಳವೆಬಾವಿಗೆ ಮಾಡಬೇಡಿ, ಬತ್ತಿದ 450 ಅಡಿಯದಕ್ಕೆ ಮಾಡಿ. ಮಣ್ಣುನೀರು ಮೊದಲು ಒಂದು ಹೊಂಡದಲ್ಲಿ ನಿಂತು ತಿಳಿಯಾಗಿ, ಜಲ್ಲಿ ಮತ್ತು ಮರಳಿನ ಪದರ ದಾಟಿ, ಜಾಲರಿ ಸುತ್ತಿದ ಕೇಸಿಂಗಿನ ರಂಧ್ರಗಳ ಮೂಲಕ ಇಳಿಯಬೇಕು. ಕೆಂಪುನೀರನ್ನು ನೇರವಾಗಿ ಬಿಟ್ಟರೆ ಎರಡು ಮಳೆಗಾಲದಲ್ಲಿ ಬಿರುಕುಗಳು ಹೂಳಿನಿಂದ ಮುಚ್ಚಿಹೋಗುತ್ತವೆ. ಔಷಧಿ ಸಿಂಪಡಿಸಿದ ಟೊಮೆಟೊ ತೋಟದ ನೀರನ್ನಂತೂ ಬಿಡಲೇಬೇಡಿ.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಎರಡೂ ಕಡೆ ಉತ್ಪ್ರೇಕ್ಷೆಯಿದೆ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವ ಉದ್ದೇಶದಿಂದ 2018ರಲ್ಲಿ ಕೋಲಾರದ ಕೆರೆಗಳಿಗೆ ಬಿಡಲು ಶುರುಮಾಡಿದರು. ಕೆರೆ ತುಂಬಿದ ಕಡೆ ಸುತ್ತಲಿನ ಬಾವಿಗಳಲ್ಲಿ ನೀರು ಏರಿದ್ದು ನಿಜ, ರೈತರೇ ಕಂಡಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯವೂ ನ್ಯಾಯವಾದದ್ದೇ. ಆದರೆ ಟೊಮೆಟೊ ಎಲೆ ಮುದುಡುವ ರೋಗ ಆ ನೀರಿನಿಂದ ಬಂತೆಂಬುದು ಸರಿಯಲ್ಲ, ಆ ವೈರಸ್ಸನ್ನು ಹರಡುವುದು ಬಿಳಿನೊಣ. ನಿಮಗೆ ಮುಖ್ಯವಾದದ್ದು ನಿಮ್ಮ ಜಮೀನು ಎಲ್ಲಿದೆ ಎಂಬುದು. ಕೆರೆ ಏರಿಯ ಕೆಳಗೆ, ಅಚ್ಚುಕಟ್ಟಿನ ಕಡೆಗಿದ್ದರೆ ಒಂದೆರಡು ವರ್ಷದಲ್ಲಿ ಫಲ ಕಾಣಬಹುದು. ದಿಣ್ಣೆಯ ಆಚೆಗಿದ್ದರೆ, ಅಥವಾ ನಡುವೆ ಕರಿಕಲ್ಲಿನ ಪಟ್ಟೆ ಅಡ್ಡ ಹಾದಿದ್ದರೆ, ಕೆರೆ ತುಳುಕಿದರೂ ನಿಮ್ಮ ಕಡೆ ಹನಿ ಬಾರದಿರಬಹುದು. ಕೆರೆಯ ಕೆಳಗಿದ್ದರಂತೂ ಐದು ಲಕ್ಷ ಹೂಡುವ ಮೊದಲು ಒಂದು ವರ್ಷ ನೀರಿನ ಮಟ್ಟ ನೋಡಿಕೊಂಡು ಕಾಯುವುದೇ ಜಾಣತನ.

ಕುಡಿಯುವ ನೀರಿನ ವಿಷಯವನ್ನು ನೀವು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ನಾನಾದರೆ ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆ. ಗ್ರಾನೈಟ್ ಬಂಡೆಯಲ್ಲಿ ದೀರ್ಘಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕೆಲವು ಆಳದ ಕೊಳವೆಬಾವಿಗಳಲ್ಲಿ ಯುರೇನಿಯಂ ಕೂಡ ಕಂಡುಬಂದಿದೆ. ಫ್ಲೋರೈಡ್, ನೈಟ್ರೇಟ್ ಮತ್ತು ಯುರೇನಿಯಂ ಮೂರನ್ನೂ ಪರೀಕ್ಷಿಸಿಕೊಡುವ ಪ್ರಯೋಗಾಲಯಕ್ಕೆ ಈ ವಾರವೇ ನೀರು ಕೊಡಿ. ವರದಿ ಬರುವವರೆಗೆ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಲು ಮತ್ತು ಅಡುಗೆಗೆ ಬಳಸಿ.

ಇಷ್ಟೆಲ್ಲ ಹೇಳಿದ ಮೇಲೂ ತಂದೆಯವರು ಕೊರೆಸುವುದೇ ಎಂದರೆ, ಅವರ ಮಾತಿನಲ್ಲೂ ಒಂದು ನ್ಯಾಯವಿದೆಯೆಂದು ಒಪ್ಪಿಕೊಳ್ಳಿ: ನೀರಾವರಿಯಿಲ್ಲದ ನಾಲ್ಕು ಎಕರೆಯಲ್ಲಿ ರಾಗಿ ಮಾತ್ರ ನಂಬಿ ಸಂಸಾರ ನಡೆಸಿದವರ ಕಷ್ಟವನ್ನು ಅವರು ಕಂಡಿದ್ದಾರೆ. ಆಗ ಎರಡು ಷರತ್ತುಗಳನ್ನು ಇಟ್ಟುಕೊಳ್ಳಿ. ಅನುಮತಿ ಪಡೆದು, ಅರ್ಹ ಭೂವಿಜ್ಞಾನಿಯಿಂದ ಸರ್ವೆ ಮಾಡಿಸಿ, ಕೊಳೆತ ಕಲ್ಲು ದಪ್ಪವಿರುವ ಜಾಗವನ್ನು ಆರಿಸಿ, ಅದು ಈಶಾನ್ಯವಾಗಲಿ ನೈಋತ್ಯವಾಗಲಿ. ಎರಡನೆಯದಾಗಿ, ಎಷ್ಟು ಅಡಿಗೆ ನಿಲ್ಲಿಸಬೇಕೆಂಬುದನ್ನು ರಿಗ್ ಬರುವ ಮೊದಲೇ ಮನೆಯವರೆಲ್ಲ ಕೂತು ಕಾಗದದಲ್ಲಿ ಬರೆದು, ತಾಯಿಯವರ ಕೈಗೆ ಕೊಡಿ. ರಾತ್ರಿ ಎರಡು ಗಂಟೆಗೆ ಕಲ್ಲಿನ ಪುಡಿ ಹಾರುತ್ತಿರುವಾಗ ‘ಇನ್ನು ನೂರಡಿ ನೋಡೋಣ ಯಜಮಾನ್ರೇ’ ಎಂಬ ಮಾತು ಬಂದೇ ಬರುತ್ತದೆ, ಮತ್ತು ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತ ಹೋಗುತ್ತದೆ. ಆ ಗಳಿಗೆಯಲ್ಲಿ ‘ಸಾಕು’ ಎಂದ ರೈತರನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ನನ್ನನ್ನು ಕೇಳಿದರೆ, ಹೊಸ ಬಿರುಕಿನ ಸುಳಿವೇ ಇಲ್ಲದೆ ಒಂದೇ ಬಗೆಯ ಬೂದುಪುಡಿ ಬರುತ್ತಿದ್ದರೆ 800 ಅಡಿಗೆ ನಿಲ್ಲಿಸಿ, ಉಳಿದ ಹಣವನ್ನು ಮನೆಗೆ ತೆಗೆದುಕೊಂಡು ಹೋಗಿ ಎನ್ನುತ್ತೇನೆ.

ಬತ್ತಿದ ಮೊದಲ ಕೊಳವೆಬಾವಿಯ ಬಾಯಿಗೆ ಏನು ಮುಚ್ಚಿದ್ದೀರೆಂದು ಪತ್ರದಲ್ಲಿಲ್ಲ. ಗೋಣಿಚೀಲ, ಚಪ್ಪಡಿ, ಮುಳ್ಳು ಇವು ಮುಚ್ಚಳವಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಂತೆ ಬಿಟ್ಟುಬಿಟ್ಟ ಕೊಳವೆಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಇಂಗಿಸಲು ಉಳಿಸಿಕೊಳ್ಳುವುದಾದರೆ ಕೇಸಿಂಗಿನ ಮೇಲೆ ಬೋಲ್ಟ್ ಹಾಕಿದ ಅಥವಾ ವೆಲ್ಡ್ ಮಾಡಿಸಿದ ಕಬ್ಬಿಣದ ಮುಚ್ಚಳ ಬೇಕು. ಮುಂದಿನ ಬಾರಿ ಊರಿಗೆ ಹೋದಾಗ ಬೇರೆಲ್ಲ ಮಾತಿಗಿಂತ ಮೊದಲು ಅಲ್ಲಿಗೆ ಹೋಗಿ ನೋಡಿ.